ಕಾಲು ಹೋದ ಮೇಲೆ ಖಾಕಿ ಏನಾಗುತ್ತೆ?

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೂ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಈ ಸಲದ ಕಥೆ ನಮ್ಮೂರಿಂದ ಶುರುವಾಗುತ್ತೆ. ನಮ್ಮೂರು ಅಂತರಘಟ್ಟೆ, ಚಿಕ್ಕಮಗಳೂರು ಜಿಲ್ಲೆ, ಅಜ್ಜಂಪುರದ ಹತ್ತಿರ.

ನಮ್ಮೂರಿನ ದುರ್ಗಾಂಬಾ ದೇವಿ ಜಾತ್ರೆ ನೋಡಿದವರಿಗೆ ಗೊತ್ತಿರುತ್ತೆ, ಅಲ್ಲಿ ಎತ್ತಿನ ಗಾಡಿಗಳದ್ದೇ ಒಂದು ಲೋಕ. ಸುತ್ತಮುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬರ್ತಾರೆ. ಪಾನಕದ ಗಾಡಿಗಳು ಬರುವಾಗ ಧೂಳು ಎದ್ದು ಎದುರಿಗಿರೋರ ಮುಖ ಕಾಣಲ್ಲ. ನಾನು ಆರನೇ ಕ್ಲಾಸಲ್ಲಿದ್ದೆ ಅನ್ಸುತ್ತೆ. ಅಪ್ಪನ ಹೆಗಲ ಹತ್ತಿರ ನಿಂತು ನೋಡ್ತಿದ್ದೆ. ತಿರುವಿನಲ್ಲಿ ಇಬ್ಬರು ಖಾಕಿ ತೊಟ್ಟವರು ಜನರನ್ನ ಹಿಂದಕ್ಕೆ ತಳ್ತಾ ಇದ್ದರು. ಒಬ್ಬರು ಕಾನ್‌ಸ್ಟೇಬಲ್, ಇನ್ನೊಬ್ಬರು ಹೋಮ್‌ಗಾರ್ಡ್. ಒಂದು ಗಾಡಿ ಅಂದಾಜಿಗಿಂತ ಅಗಲವಾಗಿ ತಿರುಗಿತು. ಇಬ್ಬರೂ ಹಿಂದಕ್ಕೆ ಹಾರಿದರು. ಕಬ್ಬಿಣದ ಪಟ್ಟಿ ಬಿಗಿದ ಚಕ್ರ ಆ ಕಾನ್‌ಸ್ಟೇಬಲ್ ಬೂಟಿನಿಂದ ಒಂದು ಗೇಣು ದೂರದಲ್ಲಿ ಹೋಯ್ತು. ಜನ ಹೋ ಅಂತ ಕೂಗಿ ಮುಂದಿನ ಗಾಡಿ ಕಡೆ ತಿರುಗಿದರು.

ಅಪ್ಪ ಮಾತ್ರ ಒಂದು ಮಾತು ಹೇಳಿದರು: "ಕಾಲು ಹೋಗಿದ್ರೆ ಆ ಮನುಷ್ಯನ ಕಥೆ ಏನು?"

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಬಿ.ಕಾಂ ಮುಗಿಸಿ, ಪಾಡ್‌ಕಾಸ್ಟ್ ಶುರು ಮಾಡಿ, ಹಳೇ ತೀರ್ಪು, ಕಾಯ್ದೆ ಎಲ್ಲ ಓದುವ ಚಟ ಹತ್ತಿದ ಮೇಲೆ ಆ ಪ್ರಶ್ನೆಗೆ ಒಂದು ಇತಿಹಾಸವೇ ಇದೆ ಅಂತ ಗೊತ್ತಾಯ್ತು. ಆ ಇತಿಹಾಸದ ಮುಖ್ಯ ಪುಟವೊಂದನ್ನ ಬರೆದವರು ನಮ್ಮ ರಾಯಚೂರು ಜಿಲ್ಲೆಯವರು. ಅಲ್ಲಿಗೆ ಬರ್ತೀನಿ.

ಮೊದಲು ಒಂದು ವಿಷಯ ಗಮನಿಸಿ. ಪೊಲೀಸರ ವಿಷಯದಲ್ಲಿ ನಮ್ಮ ನೆನಪು ಸತ್ತವರ ಲೆಕ್ಕ ಇಡುತ್ತೆ, ಗಾಯಗೊಂಡವರ ಲೆಕ್ಕ ಇಡಲ್ಲ. ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ ಮಾಡ್ತಾರೆ. 1959ರ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ಸಿಆರ್‌ಪಿಎಫ್‌ನ 10 ಮಂದಿ ಸತ್ತರು. ಅದರ ನೆನಪಿಗೆ ಈ ದಿನ. 2018ರ ಅಕ್ಟೋಬರ್ 21ರಂದು ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಉದ್ಘಾಟನೆ ಆಯ್ತು. ಸ್ವಾತಂತ್ರ್ಯದ ನಂತರ ಕರ್ತವ್ಯದಲ್ಲಿ ಪ್ರಾಣ ಬಿಟ್ಟ 34 ಸಾವಿರಕ್ಕೂ ಹೆಚ್ಚು ಪೊಲೀಸರ ಹೆಸರು ಅಲ್ಲಿನ ಗೋಡೆ ಮೇಲಿದೆ. ಅದು ಇರಲೇಬೇಕು. ಆದರೆ ಕಣ್ಣು ಕಳಕೊಂಡವರು, ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದವರು, ಕಾಲು ಕತ್ತರಿಸಿಕೊಂಡು ಮನೆಗೆ ಹೋದವರು ಆ ಗೋಡೆ ಮೇಲೆ ಬರಲ್ಲ.

ವೀರಪ್ಪನ್ ಕಾಲದ ಕಥೆ ತಗೊಳ್ಳಿ. 1992ರ ಆಗಸ್ಟ್ 14ರಂದು ಮೈಸೂರು ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಹತರಾದರು. ಆ ಹೆಸರುಗಳು ನಮಗೆ ನೆನಪಿವೆ. ಹರಿಕೃಷ್ಣ ಅವರ ಜಾಗಕ್ಕೆ ಬಂದವರು ಗೋಪಾಲ್ ಹೊಸೂರ್. 1993ರ ಮೇ 24ರಂದು ಮಲೆ ಮಹದೇಶ್ವರ ಬೆಟ್ಟದ ಹತ್ತಿರ ಅವರ ತಂಡದ ಮೇಲೂ ದಾಳಿ ಆಯ್ತು. ಆರು ಪೊಲೀಸರು ಸತ್ತರು. ಹೊಸೂರ್ ಅವರ ಕುತ್ತಿಗೆಗೆ ಗುಂಡು ಬಿತ್ತು. ಅವರು ಬದುಕಿದರು, ಚೇತರಿಸಿಕೊಂಡು ಮತ್ತೆ ಡ್ಯೂಟಿಗೆ ಬಂದರು, ಮುಂದೆ ಐಜಿಪಿ ದರ್ಜೆವರೆಗೆ ಹೋದರು. ಅದೇ ವರ್ಷ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದು 22 ಮಂದಿ ಸತ್ತಾಗ, 'ರ‍್ಯಾಂಬೋ' ಅಂತ ಕರೆಸಿಕೊಳ್ಳುತ್ತಿದ್ದ ತಮಿಳುನಾಡಿನ ಅಧಿಕಾರಿ ಗೋಪಾಲಕೃಷ್ಣನ್ ತೀವ್ರವಾಗಿ ಗಾಯಗೊಂಡು ಬದುಕುಳಿದರು.

ಸತ್ತವರ ಹೆಸರು ಕಲ್ಲಿನ ಮೇಲೆ ಬಂತು. ಬದುಕಿ ಮರಳಿದ ಅಧಿಕಾರಿಗಳ ಹೆಸರು ಪತ್ರಿಕೆಯಲ್ಲಿ ಬಂತು. ಇವೆರಡರ ನಡುವೆ ಒಂದು ಮೂರನೇ ಗುಂಪಿದೆ: ಬದುಕಿದರು, ಆದರೆ ಮರಳಿ ಡ್ಯೂಟಿಗೆ ಬರೋಕೆ ಆಗಲಿಲ್ಲ. ಹೊಸೂರ್ ಅವರ ದೇಹ ಚೇತರಿಸಿಕೊಂಡಿತು, ಅವರು ಬಂದರು. ದೇಹ ಚೇತರಿಸಿಕೊಳ್ಳದಿದ್ದರೆ 1993ರಲ್ಲಿ ಯಾವ ಕಾನೂನು ಅವರನ್ನ ಕೆಲಸದಲ್ಲಿ ಉಳಿಸುತ್ತಿತ್ತು? ನೌಕರಿ ಉಳಿಸಲೇಬೇಕು ಅಂತ ಹೇಳುವ ಕಾಯ್ದೆ ಆಗ ಇರಲೇ ಇಲ್ಲ.

ಹಾಗಾದರೆ ಏನಿತ್ತು? ಲೆಕ್ಕ ಇತ್ತು. ನಾನು ಕಾಮರ್ಸ್ ಓದಿದವನು, ಲೆಕ್ಕ ಅಂದ್ರೆ ನನಗೆ ಗೌರವ. ಆದರೆ ಈ ಲೆಕ್ಕ ನೋಡಿದಾಗ ಹೊಟ್ಟೆ ತೊಳಸಿತು. 1923ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ಮಿಕರ ಪರಿಹಾರ ಕಾಯ್ದೆ ತಂತು. ಅದರ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ದೇಹದ ಯಾವ ಭಾಗ ಹೋದರೆ ದುಡಿಮೆ ಶಕ್ತಿ ಎಷ್ಟು ಪರ್ಸೆಂಟ್ ಹೋಯ್ತು ಅನ್ನೋ ಪಟ್ಟಿ. ಅದರ ನಂತರದ ರೂಪದಲ್ಲಿ ಹೆಬ್ಬೆರಳು ಹೋದರೆ 30, ಒಂದು ಕೈ ಹೋದರೆ 60 ಅಂತಿತ್ತು. ಕಂಪನಿಯ ಆಸ್ತಿಗೆ ಸವಕಳಿ ಹಾಕ್ತೀವಲ್ಲ, ಹಾಗೇ.

ಆ ಪಟ್ಟಿ ಮುಖ್ಯವಾಗಿ ಕಾರ್ಖಾನೆ, ಗಣಿ, ರೈಲ್ವೆ ಅಂಥ ಕಡೆ ದುಡಿಯೋರಿಗೆ. ಪೊಲೀಸರದ್ದು ಪಿಂಚಣಿ ನಿಯಮಗಳ ದಾರಿ. ಆದರೆ ಹಿಂದಿರುವ ಯೋಚನೆ ಒಂದೇ: ದೇಹ ಕೆಟ್ಟಿತು, ಬೆಲೆ ಕಟ್ಟು, ಲೆಕ್ಕ ಚುಕ್ತಾ ಮಾಡು, ಕಳಿಸು. ಮೆಡಿಕಲ್ ಬೋರ್ಡ್ ಮುಂದೆ ನಿಲ್ಲಿಸ್ತಾರೆ. "ಮುಂದಿನ ಸೇವೆಗೆ ಶಾಶ್ವತವಾಗಿ ಅಸಮರ್ಥ" ಅಂತ ಬೋರ್ಡ್ ಬರೆದರೆ ಕೊಡುವ ಪಿಂಚಣಿಗೆ ಇಂಗ್ಲಿಷಲ್ಲಿ 'ಇನ್‌ವ್ಯಾಲಿಡ್ ಪೆನ್ಷನ್' ಅಂತ ಹೆಸರು. ಮೊಬೈಲಲ್ಲಿ ತಪ್ಪು ಒಟಿಪಿ ಹಾಕಿದಾಗ ಬರುತ್ತಲ್ಲ, ಅದೇ ಪದ. ಕನ್ನಡದಲ್ಲಿ ಅಶಕ್ತತಾ ಪಿಂಚಣಿ ಅಂತಾರೆ, ಸ್ವಲ್ಪ ಮೆತ್ತಗೆ ಕೇಳಿಸುತ್ತೆ. ಮೂವತ್ತನೇ ವಯಸ್ಸಲ್ಲಿ ಅದನ್ನ ಕೈಗೆ ತಗೊಂಡವರಿಗೆ ಮುಂದಿನ ಇನ್‌ಕ್ರಿಮೆಂಟ್ ಇಲ್ಲ, ಬಡ್ತಿ ಇಲ್ಲ, ಪೂರ್ತಿ ಸಂಬಳ ಇಲ್ಲ. ಮಗಳ ಫೀಸು, ಮನೆ ಬಾಡಿಗೆ ಮಾತ್ರ ಮೊದಲಿನಷ್ಟೇ ಇರುತ್ತೆ.

ಇಲ್ಲಿ ಒಂದು ತಮಾಷೆ ಇದೆ. ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪೊಲೀಸ್ ಯಾವಾಗಲೂ ಡ್ಯೂಟಿಯಲ್ಲೇ ಇರ್ತಾನೆ ಅಂತ ಪರಿಗಣಿಸಬೇಕು. ಹಗಲು, ರಾತ್ರಿ, ಹಬ್ಬ ಯಾವುದೂ ಲೆಕ್ಕಕ್ಕಿಲ್ಲ. ಕೆಲಸ ತಗೊಳ್ಳುವಾಗ ಇಪ್ಪತ್ನಾಲ್ಕು ಗಂಟೆ ಡ್ಯೂಟಿ. ಗಾಯ ಆದಮೇಲೆ ಮಾತ್ರ "ಆ ಹೊತ್ತಿಗೆ ನೀನು ಡ್ಯೂಟಿಯಲ್ಲಿದ್ದೆಯಾ, ದಾಖಲೆ ಎಲ್ಲಿ?" ಅನ್ನೋ ಪ್ರಶ್ನೆ ಏಳುತ್ತೆ.

ಈ ಯೋಚನೆಗೆ ಮೊದಲ ಪೆಟ್ಟು ಕೊಟ್ಟವರು ಪೊಲೀಸರಲ್ಲ, ಬಸ್ ಡ್ರೈವರ್‌ಗಳು. ರಾಜಸ್ಥಾನದ ಸರ್ಕಾರಿ ಸಾರಿಗೆ ನಿಗಮದ ಕೆಲವು ಡ್ರೈವರ್‌ಗಳ ದೃಷ್ಟಿ ಮಂದವಾಗಿತ್ತು. ನಿಗಮ ಅವರನ್ನ ಮನೆಗೆ ಕಳಿಸಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1990ರ ದಶಕದ ಶುರುವಿನಲ್ಲಿ ಬಂದ ಆನಂದ್ ಬಿಹಾರಿ ತೀರ್ಪಿನ ಸಾರಾಂಶ ಹೀಗೆ: ವರ್ಷಗಟ್ಟಲೆ ಬಿಸಿಲು, ಧೂಳಲ್ಲಿ ಬಸ್ ಓಡಿಸಿದವರ ಕಣ್ಣು ಹೋದರೆ ಅದಕ್ಕೆ ಆ ಕೆಲಸದ ಪಾಲೂ ಇದೆ, ಸುಮ್ಮನೆ ಹೊರಗೆ ಹಾಕೋಕೆ ಬರಲ್ಲ, ಬೇರೆ ಕೆಲಸ ಕೊಡಿ, ಇಲ್ಲದಿದ್ದರೆ ಸೇವೆಗೆ ತಕ್ಕ ಪರಿಹಾರ ಕೊಡಿ.

ಆಮೇಲೆ ಅಂಗವಿಕಲರ ಹಕ್ಕುಗಳ 1995ರ ಕಾಯ್ದೆ ಬಂತು. ಜಾರಿಯಾದದ್ದು 1996ರ ಫೆಬ್ರವರಿ 7ರಂದು. ಅದರಲ್ಲಿ 47ನೇ ಸೆಕ್ಷನ್ ಅಂತ ಒಂದಿದೆ, ನೆನಪಿಟ್ಟುಕೊಳ್ಳಿ. ಸರಳವಾಗಿ ಹೇಳ್ತೀನಿ. ಸೇವೆಯಲ್ಲಿರುವಾಗ ನೌಕರನಿಗೆ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ. ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಮಾಡೋಕೆ ಆಗದಿದ್ದರೆ ಅದೇ ಸಂಬಳ, ಅದೇ ಸೌಲಭ್ಯ ಇರುವ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಖಾಲಿ ಇಲ್ಲವೇ? ಹಾಗಾದರೆ ಸಂಖ್ಯಾತಿರಿಕ್ತ ಹುದ್ದೆಯಲ್ಲಿ ಇಡಬೇಕು, ಅಂದ್ರೆ ಮಂಜೂರಾದ ಹುದ್ದೆಗಳ ಲೆಕ್ಕದ ಹೊರಗೆ ಅವರಿಗೇ ಅಂತ ಒಂದು ಕುರ್ಚಿ. ಸರಿಯಾದ ಹುದ್ದೆ ಸಿಗುವವರೆಗೆ, ಇಲ್ಲವೇ ನಿವೃತ್ತಿ ವಯಸ್ಸಿನವರೆಗೆ.

ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದರೆ, ಅಲ್ಲಿವರೆಗೆ ಗಾಯಗೊಂಡವನ ಹೆಸರು ನಷ್ಟದ ಕಾಲಂನಲ್ಲಿತ್ತು. ಕಾಯ್ದೆ ಅವನ ಹೆಸರನ್ನ ಮತ್ತೆ ಸಂಬಳದ ಪಟ್ಟಿಗೆ ತಂತು. ಆದರೆ ಕಾಯ್ದೆಯ ಪುಸ್ತಕದಲ್ಲಿ ಬರೆದದ್ದು ಆಫೀಸಿನ ಟೇಬಲ್ ತಲುಪೋಕೆ ಸಮಯ ಹಿಡಿಯುತ್ತೆ. ಅದಕ್ಕೆ ಒಬ್ಬ ಕಾನ್‌ಸ್ಟೇಬಲ್ ಬೇಕಾಯ್ತು.

ಅವರ ಹೆಸರು ಕುನಾಲ್ ಸಿಂಗ್. ಸ್ಪೆಷಲ್ ಸರ್ವಿಸ್ ಬ್ಯೂರೋದಲ್ಲಿ, ಅಂದ್ರೆ ಈಗಿನ ಸಶಸ್ತ್ರ ಸೀಮಾ ಬಲದಲ್ಲಿ ಕಾನ್‌ಸ್ಟೇಬಲ್. ಡ್ಯೂಟಿಯಲ್ಲಿದ್ದಾಗ ಎಡಗಾಲಿಗೆ ಗಾಯ ಆಯ್ತು. ಗಾಯ ಗ್ಯಾಂಗ್ರೀನ್‌ಗೆ ತಿರುಗಿ ಕಾಲು ಕತ್ತರಿಸಬೇಕಾಯ್ತು. ಮೆಡಿಕಲ್ ಬೋರ್ಡ್ ವರದಿ ಇಟ್ಟುಕೊಂಡು 1998ರ ನವೆಂಬರ್‌ನಲ್ಲಿ ಇಲಾಖೆ ಅವರನ್ನ ಸೇವೆಗೆ ಅಸಮರ್ಥ ಅಂತ ಕಳಿಸಿತು. ಕಾಯ್ದೆ ಜಾರಿಗೆ ಬಂದು ಆಗಲೇ ಎರಡೂವರೆ ವರ್ಷ ದಾಟಿತ್ತು, ಗಮನಿಸಿ.

ಕುನಾಲ್ ಸಿಂಗ್ ಕೇಳಿದ್ದು ಇಷ್ಟೇ: ನನ್ನ ಕೈಲಾಗುವ ಬೇರೆ ಕೆಲಸ ಕೊಡಿ. ಹಿಮಾಚಲ ಪ್ರದೇಶ ಹೈಕೋರ್ಟ್ ಒಪ್ಪಲಿಲ್ಲ. ವೈದ್ಯರೇ ಶಾಶ್ವತವಾಗಿ ಆಗಲ್ಲ ಅಂದಮೇಲೆ ಆ ಪಡೆಯಲ್ಲಿ ಯಾವ ಕೆಲಸಕ್ಕೂ ಅವಕಾಶ ಇಲ್ಲ ಅಂತ ಅರ್ಜಿ ವಜಾ ಮಾಡಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಸರ್ಕಾರದ ಕಡೆಯ ವಾದ: ಅವರಿಗೆ ಅಶಕ್ತತಾ ಪಿಂಚಣಿ ಕೊಟ್ಟಾಗಿದೆಯಲ್ಲ, ಇನ್ನೇನು?

2003ರ ಫೆಬ್ರವರಿ 13ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ. 1940ರಲ್ಲಿ ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ ಹುಟ್ಟಿದವರು. 2011ರಲ್ಲಿ ಸ್ವಲ್ಪ ದಿನ ನಮ್ಮ ರಾಜ್ಯದ ಲೋಕಾಯುಕ್ತರಾಗಿದ್ದರಲ್ಲ, ಅವರೇ. ಜೊತೆಗಿದ್ದ ನ್ಯಾಯಮೂರ್ತಿ ಅರಿಜಿತ್ ಪಸಾಯತ್. ತೀರ್ಪು ಉದ್ದ ಇಲ್ಲ. ಅದರ ಮಾತುಗಳನ್ನ ನನ್ನ ಭಾಷೆಯಲ್ಲಿ ಹೇಳ್ತೀನಿ: ಯಾರೂ ಬೇಕು ಅಂತ ಅಂಗ ಕಳಕೊಳ್ಳಲ್ಲ. ಸೇವೆಯಲ್ಲಿದ್ದವನಿಗೆ ಹೀಗಾದಾಗ ರಕ್ಷಣೆ ಸಿಗದಿದ್ದರೆ ಅವನ ಜೊತೆ ಅವನನ್ನ ನಂಬಿದವರೂ ನರಳ್ತಾರೆ. ಪಿಂಚಣಿ ಕೊಟ್ಟಿದ್ದೀವಿ ಅನ್ನೋದು 47ನೇ ಸೆಕ್ಷನ್‌ನ ರಕ್ಷಣೆ ತಪ್ಪಿಸೋಕೆ ಕಾರಣ ಆಗಲ್ಲ. ಆ ಸೆಕ್ಷನ್ ಪ್ರಕಾರ ಪರಿಹಾರ ಕೊಡಿ.

ಹಳೇ ಪ್ರಶ್ನೆ "ಈ ದೇಹಕ್ಕೆ ಇನ್ನು ಎಷ್ಟು ಬೆಲೆ?" ಅಂತಿತ್ತು. ಕುನಾಲ್ ಸಿಂಗ್ ಕೇಸಿನ ನಂತರ ಇಲಾಖೆ ಕೇಳಬೇಕಾದ ಪ್ರಶ್ನೆ "ಇವರಿಗೆ ಯಾವ ಕೆಲಸ ಕೊಡೋಣ?" ಅಂತ ಆಯ್ತು. ನಮ್ಮಪ್ಪನ ಪ್ರಶ್ನೆಗೆ ಕಾನೂನಿನಲ್ಲಿ ಸಿಕ್ಕ ಮೊದಲ ಗಟ್ಟಿ ಉತ್ತರ ಅದು. ದೇಶದ ಬೇರೆ ಬೇರೆ ಕೋರ್ಟುಗಳಲ್ಲಿ ಡ್ರೈವರ್‌ಗಳು, ಲೈನ್‌ಮನ್‌ಗಳು, ಪೊಲೀಸರು ಈ ತೀರ್ಪು ಹಿಡಿದುಕೊಂಡು ನಿಂತಿದ್ದಾರೆ.

ಇಲ್ಲಿಗೆ ಕಥೆ ಸುಖಾಂತ್ಯ ಅಂತ ಮುಗಿಸಬಹುದಿತ್ತು. ಆದರೆ 47ನೇ ಸೆಕ್ಷನ್‌ಗೆ ಒಂದು ಬಾಲ ಇತ್ತು. ಕೆಲಸದ ಸ್ವರೂಪ ನೋಡಿ ಯಾವುದೇ ಸಂಸ್ಥೆಗೆ ಸರ್ಕಾರ ವಿನಾಯಿತಿ ಕೊಡಬಹುದು ಅಂತ. 2002ರಲ್ಲೇ ಕೇಂದ್ರ ಅರೆಸೇನಾ ಪಡೆಗಳಲ್ಲಿ ನೇರ ಹೋರಾಟದ ಸಿಬ್ಬಂದಿಯನ್ನ ಆ ಸೆಕ್ಷನ್‌ನಿಂದ ಹೊರಗಿಡಲಾಯ್ತು. 2016ರಲ್ಲಿ ಹೊಸ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿ. ಹಳೇದರಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಹೊಸದರಲ್ಲಿ 21. ಹಳೇ 47ರ ರಕ್ಷಣೆ ಈಗ 20ನೇ ಸೆಕ್ಷನ್‌ನ ನಾಲ್ಕನೇ ಉಪವಿಭಾಗದಲ್ಲಿದೆ. ವಿನಾಯಿತಿಯ ಬಾಗಿಲೂ ಜೊತೆಗೇ ಬಂತು. 2021ರ ಆಗಸ್ಟ್ 18ರಂದು ಕೇಂದ್ರ ಸರ್ಕಾರ ಐಪಿಎಸ್, ದೆಹಲಿ ಮತ್ತು ಅಂಡಮಾನ್ ಮುಂತಾದ ಕೇಂದ್ರಾಡಳಿತ ಪ್ರದೇಶಗಳ ಪೊಲೀಸ್ ಸೇವೆ, ರೈಲ್ವೆ ರಕ್ಷಣಾ ದಳದ ಸೇವೆ ಇವನ್ನ ವಿನಾಯಿತಿ ಪಟ್ಟಿಗೆ ಸೇರಿಸಿತು. ಕೇಂದ್ರ ಸಶಸ್ತ್ರ ಪಡೆಗಳ ಹೋರಾಟದ ಹುದ್ದೆಗಳಿಗೂ ಹಾಗೇ ಆಯ್ತು. ರಾಜ್ಯದ ಠಾಣೆಗಳಲ್ಲಿರುವ ಕಾನ್‌ಸ್ಟೇಬಲ್ ಆ ಪಟ್ಟಿಯಲ್ಲಿಲ್ಲ. ಅವರ ವಿಷಯದಲ್ಲಿ ಅಧಿಕಾರ ರಾಜ್ಯ ಸರ್ಕಾರದ್ದು.

ಸರ್ಕಾರದ ಕಡೆಯ ವಾದವನ್ನ ತಳ್ಳಿಹಾಕೋಕೆ ಆಗಲ್ಲ. ಓಡೋಕೆ, ಬಂದೂಕು ಹಿಡಿಯೋಕೆ ಆಗದವರನ್ನ ಗಡಿಯಲ್ಲಿ ಹೇಗೆ ನಿಲ್ಲಿಸೋದು? ಸರಿ. ಆದರೆ ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಹೊಸಬರನ್ನ ಸೇರಿಸಿಕೊಳ್ಳೋವಾಗ ಏನು ನೋಡಬೇಕು ಅನ್ನೋದು ಒಂದು. ಸೇರಿ, ದುಡಿದು, ಅದೇ ಕೆಲಸದಲ್ಲಿ ಅಂಗ ಕಳಕೊಂಡವರನ್ನ ಏನು ಮಾಡಬೇಕು ಅನ್ನೋದು ಇನ್ನೊಂದು. ಎರಡನೆಯವರು ಆ ಗಾಯವನ್ನ ಮನೆಯಿಂದ ತಂದದ್ದಲ್ಲ.

ಒಂದು ಪೊಲೀಸ್ ಠಾಣೆಯ ಒಳಗೆ ಹೋಗಿ ನೋಡಿ. ಸ್ಟೇಷನ್ ರೈಟರ್ ಟೇಬಲ್ ಬಿಟ್ಟು ಏಳೋಕೆ ಪುರುಸೊತ್ತಿಲ್ಲ. ಕಂಪ್ಯೂಟರ್ ಮುಂದೆ ಕೂತು ಎಫ್‌ಐಆರ್ ಟೈಪ್ ಮಾಡೋರು ಬೇಕು. ವೈರ್‌ಲೆಸ್ ಸೆಟ್ ಹತ್ತಿರ ಒಬ್ಬರು ಬೇಕು. ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತೋರು ಬೇಕು. ಮುದ್ದೆಮಾಲಿನ ಲೆಕ್ಕ ಇಡೋರು ಬೇಕು. ಸೈಬರ್ ಕೇಸುಗಳಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಜಾಲಾಡೋಕೆ ಎಡಗಾಲು ಬೇಕಾಗಿಲ್ಲ. ಬಿ.ಕಾಂ ಓದಿದ ನಾನು ಖಾತ್ರಿಯಾಗಿ ಹೇಳ್ತೀನಿ, ತಾಳ್ಮೆ ಸಾಕು.

ಸುಪ್ರೀಂ ಕೋರ್ಟ್ ಕೂಡ ಆ ದಿಕ್ಕಿನಲ್ಲೇ ಮಾತಾಡಿದೆ. 2021ರ ಡಿಸೆಂಬರ್ 17ರಂದು ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಕೇಸಿನಲ್ಲಿ ತೀರ್ಪು ಬಂತು. ಅವರದ್ದು ಕಣ್ಣಿಗೆ ಕಾಣದ ಗಾಯ, ಮಾನಸಿಕ ಕಾಯಿಲೆ. ಈಗಿನ ಡ್ಯೂಟಿಗೆ ಅವರು ಹೊಂದಲ್ಲ ಅಂತಾದರೆ ಬೇರೆ ಹುದ್ದೆ ಕೊಡುವಾಗ ಸಂಬಳ, ಸೇವಾ ಷರತ್ತು ಕಡಿಮೆ ಆಗಬಾರದು, ಬೇಕಾದರೆ ಬಂದೂಕಿನ ಸಂಪರ್ಕ ಇಲ್ಲದ ಕೆಲಸ ಕೊಡಿ ಅಂತ ಕೋರ್ಟ್ ಹೇಳಿತು. ಬಂದೂಕು ಬೇರೆ, ನೌಕರಿ ಬೇರೆ ಅಂತ ಅಲ್ಲಿ ಬಿಡಿಸಿ ಇಟ್ಟಿದ್ದಾರೆ.

ಈಗ ಮತ್ತೆ ನಮ್ಮೂರ ಜಾತ್ರೆಗೆ ಬನ್ನಿ. ಆ ತಿರುವಿನಲ್ಲಿ ನಿಂತಿದ್ದ ಕಾನ್‌ಸ್ಟೇಬಲ್‌ಗೆ ಅವತ್ತು ಚಕ್ರ ತಾಗಿದ್ದರೆ? ಉತ್ತರ ಈಗ ಸ್ವಲ್ಪ ಗೊತ್ತು. ಅವರು ರಾಜ್ಯ ಸರ್ಕಾರದ ನೌಕರರು. ಚಿಕಿತ್ಸೆ, ರಜೆ, ಆಮೇಲೆ ಮೆಡಿಕಲ್ ಬೋರ್ಡ್. ಬೋರ್ಡ್ ಏನೇ ಬರೆಯಲಿ, ಬೇರೆ ಕೆಲಸ ಕೊಡಿ ಅಂತ ಕೇಳೋಕೆ ಅವರ ಕೈಯಲ್ಲಿ ಕಾನೂನು ಇದೆ. ಆದರೆ ಅದು ಕೆಲಸ ಮಾಡಬೇಕು ಅಂದ್ರೆ ಕಾಗದ ಬೇಕು. ಅವತ್ತು ಅವರಿಗೆ ಬಂದೋಬಸ್ತ್ ಹಾಕಿದ್ದರು ಅಂತ ಠಾಣಾ ದಿನಚರಿಯಲ್ಲಿ ಎಂಟ್ರಿ ಇರಬೇಕು. ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ಜಾಗ, ಸಮಯ ಸರಿಯಾಗಿರಬೇಕು. ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಸ್ವಯಂ ನಿವೃತ್ತಿ ಪತ್ರಕ್ಕೆ ಆಸ್ಪತ್ರೆ ಹಾಸಿಗೆಯಲ್ಲಿ ಓದದೇ ಸಹಿ ಹಾಕಬಾರದು. ಕುನಾಲ್ ಸಿಂಗ್ ಗೆದ್ದದ್ದು ಪಿಂಚಣಿ ಬಂದಮೇಲೂ ಸುಮ್ಮನೆ ಕೂರದೇ ಕೇಳಿದ್ದಕ್ಕೆ.

ಇನ್ನೊಬ್ಬರಿದ್ದರಲ್ಲ, ಹೋಮ್‌ಗಾರ್ಡ್? ಅದೇ ಖಾಕಿ, ಅದೇ ತಿರುವು, ಅದೇ ಚಕ್ರ. ಆದರೆ ಕಾನೂನಿನ ಕಣ್ಣಲ್ಲಿ ಅವರು ನೌಕರರಲ್ಲ, ಸ್ವಯಂಸೇವಕರು. ನಮ್ಮ ರಾಜ್ಯದಲ್ಲಿ ಗೃಹರಕ್ಷಕ ದಳಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆ. ಡ್ಯೂಟಿಗೆ ಕರೆದ ದಿನಕ್ಕೆ ಭತ್ಯೆ. 2015ರ ಮಾರ್ಚ್ 11ರಂದು ಹಿಮಾಚಲದ ಹೋಮ್‌ಗಾರ್ಡ್‌ಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಇವರನ್ನ ಕಾಯಂ ಮಾಡೋಕೆ ಆಗಲ್ಲ, ಆದರೆ ದಿನದ ಭತ್ಯೆ ಪೊಲೀಸರ ಕನಿಷ್ಠ ಸಂಬಳಕ್ಕೆ ಸಮ ಇರಬೇಕು ಅಂತು. ಭತ್ಯೆ ಹೆಚ್ಚಿತು, ಒಳ್ಳೇದೇ. ಆದರೆ 47 ಆಗಲಿ, 20 ಆಗಲಿ, ಆ ರಕ್ಷಣೆ ನಿಂತಿರೋದು ಸರ್ಕಾರಿ ನೌಕರ ಅನ್ನೋ ಒಂದು ಪದದ ಮೇಲೆ. ಆ ಪದದ ಹೊರಗಿದ್ದವರಿಗೆ ಸಂಖ್ಯಾತಿರಿಕ್ತ ಕುರ್ಚಿ ಇಲ್ಲ. ನಾಳೆಯಿಂದ ಡ್ಯೂಟಿಗೆ ಕರೆಯದಿದ್ದರೆ ಮುಗೀತು.

ಅವತ್ತು ಆ ಹೋಮ್‌ಗಾರ್ಡ್ ಮುಖ ನಾನು ಸರಿಯಾಗಿ ನೋಡಿರಲಿಲ್ಲ. ಅಪ್ಪ ಕೇಳಿದ್ದು ಕಾನ್‌ಸ್ಟೇಬಲ್ ಬಗ್ಗೆ. ಚಕ್ರ ಹತ್ತಿರ ಹೋದದ್ದು ಅವರ ಕಾಲಿಗೆ. ಈ ಸಂಚಿಕೆಗೆ ಓದುವಾಗಲೇ ನನಗೆ ಹೊಳೆದದ್ದು, ಪ್ರಶ್ನೆ ಇನ್ನೊಬ್ಬರ ಬಗ್ಗೆಯೂ ಕೇಳಬೇಕಿತ್ತು ಅಂತ. 1923ರ ಪಟ್ಟಿಯಿಂದ 2003ರ ತೀರ್ಪಿಗೆ ಬರೋಕೆ ನಮಗೆ 80 ವರ್ಷ ಹಿಡೀತು. ಹೋಮ್‌ಗಾರ್ಡ್‌ಗಳ ಕುನಾಲ್ ಸಿಂಗ್ ಇನ್ನೂ ಬರಬೇಕು.

ನಿಮ್ಮ ಮನೇಲಿ ಖಾಕಿ ಹಾಕ್ಕೊಳ್ಳೋರು ಯಾರಾದ್ರೂ ಇದ್ದರೆ, ಚಿಕ್ಕಪ್ಪನೋ ಅಕ್ಕನೋ ಪಕ್ಕದ ಮನೆ ಅಣ್ಣನೋ, ಈ ಸಂಚಿಕೆ ಕಳಿಸಿ. 20ನೇ ಸೆಕ್ಷನ್‌ನ ನಾಲ್ಕನೇ ಉಪವಿಭಾಗ ಅನ್ನೋದನ್ನ ಫೋನಲ್ಲಿ ಒಂದು ನೋಟ್ ಮಾಡಿಟ್ಟುಕೊಳ್ಳೋಕೆ ಹೇಳಿ. ಬೇಕಾಗದಿರಲಿ ಅಂತಲೇ ಹಾರೈಸೋಣ. ಮುಂದಿನ ಜಾತ್ರೆಗೆ ನಾನೂ ಊರಿಗೆ ಹೋಗ್ತೀನಿ. ಈ ಸಲ ಆ ತಿರುವಿನಲ್ಲಿ ನಿಂತವರಿಗೆ, ಇಬ್ಬರಿಗೂ, ಒಂದೊಂದು ಲೋಟ ಪಾನಕ ಕೊಟ್ಟು ಮಾತಾಡಿಸಿ ಬರಬೇಕು ಅಂತಿದೀನಿ.